ಎಂಟು ತಿಂಗಳು ಡ್ರೈವಿಂಗ್ ಶೂ ಹಾಕಿ ಓಡಾಡಿದೆ, ಗೆದ್ದದ್ದು ಬೇರೆ ಜೋಡಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಶೂ ಹುಚ್ಚಿಲ್ಲ. ಒಂದು ಜೋಡಿ ಬಾಯಿ ಬಿಡುವ ತನಕ ಇನ್ನೊಂದರ ಯೋಚನೆಯೇ ಮಾಡದವನು. ಅಂಥವನು ಕಾರು ಓಡಿಸೋದಕ್ಕೆ ಅಂತಲೇ ಬೇರೆ ಶೂ ತಂದರೆ ಮನೆಯಲ್ಲಿ ನಗದೆ ಇರುತ್ತಾರಾ? ನಕ್ಕರು. ಆದರೆ ಆ ಶೂ ತರುವ ಹಾಗೆ ಮಾಡಿದ್ದು ಒಂದು ಕಂಬ.

ಹೋದ ವರ್ಷ ಹೊಸ ರನ್ನಿಂಗ್ ಶೂ ತಗೊಂಡಿದ್ದೆ. ಈಗ ಎಲ್ಲರ ಕಾಲಲ್ಲೂ ಕಾಣುವಂಥದ್ದು. ಅಡಿಗೆ ಎರಡು ಬೆರಳು ದಪ್ಪ ಫೋಮ್, ಪಾದಕ್ಕಿಂತ ಹೊರಗೆ ಚಾಚಿಕೊಂಡ ಸೋಲ್, ಹಿಮ್ಮಡಿ ಕಡೆ ಬಾತುಕೋಳಿ ಬಾಲದ ಹಾಗೆ ಒಂದು ಮೂತಿ. ನಡೆಯೋಕೆ ಭಾರೀ ಸುಖ. ಅದನ್ನೇ ಹಾಕಿಕೊಂಡು ಒಂದು ಸಂಜೆ ಬೇಸ್‌ಮೆಂಟ್‌ನಲ್ಲಿ ಕಾರು ರಿವರ್ಸ್ ತೆಗೆಯುತ್ತಿದ್ದೆ. ಬ್ರೇಕ್ ಒತ್ತಿದೆ, ಎಂಜಿನ್ ಗುರ್ ಅಂತು. ಇನ್ನೂ ಸ್ವಲ್ಪ ಒತ್ತಿದೆ, ಇನ್ನೂ ಜೋರಾಗಿ ಗುರ್ ಅಂತು. ಏನಾಗುತ್ತಿದೆ ಅಂತ ತಲೆಗೆ ಹೋಗುವಷ್ಟರಲ್ಲಿ ಹಿಂದಿನ ಬಂಪರ್ ಕಂಬಕ್ಕೆ ತಾಗಿಯಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಬಂಪರ್‌ಗೊಂದು ಕುಳಿ ಬಿತ್ತು, ನನ್ನ ಮರ್ಯಾದೆಗೂ ಒಂದು.

ಎಂಜಿನ್ ಆಫ್ ಮಾಡಿ, ಮೊಬೈಲ್ ಟಾರ್ಚ್ ಹಿಡಿದು, ಬಗ್ಗಿ ಮತ್ತೆ ಹಾಗೇ ಒತ್ತಿ ನೋಡಿದೆ. ಕಾಲು ಬ್ರೇಕ್ ಮೇಲೇ ಇದೆ. ಆದರೆ ಶೂನ ಬಲಗಡೆ ಅಂಚು ಎಕ್ಸಲೇಟರ್ ಮೇಲೂ ಇದೆ. ಸಾಮಾನ್ಯವಾಗಿ ಬ್ರೇಕ್ ಪೆಡಲ್ ಎಕ್ಸಲೇಟರ್‌ಗಿಂತ ಸ್ವಲ್ಪ ಎತ್ತರದಲ್ಲಿ ಇರುತ್ತದೆ ಅಲ್ವಾ, ಅದು ಒತ್ತಿದ ಹಾಗೆ ಕೆಳಗಿಳಿದು ಪಕ್ಕದ ಪೆಡಲ್ ಮಟ್ಟಕ್ಕೆ ಬರುತ್ತದೆ, ಅಲ್ಲಿಂದ ಮುಂದೆ ಶೂ ಅಗಲ ಇದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ನಾನು ಜಾಸ್ತಿ ಒತ್ತಿದಷ್ಟೂ ಎಂಜಿನ್ ಜಾಸ್ತಿ ಕೂಗಿದ್ದು ಇದಕ್ಕೇ. ಕಾಲು ತಪ್ಪಿರಲಿಲ್ಲ, ಶೂ ಅಗಲ ಆಗಿತ್ತು. ಅಂಚು ತಾಗಿದ್ದು ಪಾದಕ್ಕೆ ತಿಳಿಯಲೂ ಇಲ್ಲ. ಮಧ್ಯೆ ಅಷ್ಟು ದಪ್ಪ ಫೋಮ್ ಇದ್ದರೆ ತಿಳಿಯೋದು ಹೇಗೆ?

ಆಮೇಲೆ ತಂದದ್ದೇ ಈ ಡ್ರೈವಿಂಗ್ ಶೂ. ಎಂಟು ತಿಂಗಳಾಯಿತು. ಸುಮ್ನೆ ಅದೊಂದನ್ನೇ ಹೊಗಳಿ ತೆಗಳಿ ಏನು ಪ್ರಯೋಜನ ಅಂತ ಮನೆಯಲ್ಲಿದ್ದ ಬೇರೆ ಶೂ, ಚಪ್ಪಲಿಗಳನ್ನೂ ಒಂದೊಂದಾಗಿ ಹಾಕಿ ಅದೇ ಕಾರಿನಲ್ಲಿ ಹೋಲಿಸಿ ನೋಡಿದೆ. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಇಲ್ಲಿ ಮುಖ್ಯ ಆಗಿದ್ದು ಶೂನ ಆಕಾರ. ಅದೇ ಕಂಪನಿಯ ಇನ್ನೊಂದು ಶೂ ಪೂರ್ತಿ ಬೇರೆ ಥರ ಇರಬಹುದು.

ಹೋಲಿಸಿದ್ದು ಹೇಗೆ ಅಂತ ಹೇಳಿದರೆ ನೀವೂ ಮಾಡಬಹುದು. ಕಾರು ನಿಂತಿರಬೇಕು, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಕಣ್ಣು ಮುಚ್ಚಿಕೊಂಡು ಬಲಗಾಲನ್ನು ಎಕ್ಸಲೇಟರ್‌ನಿಂದ ಬ್ರೇಕ್‌ಗೆ, ಬ್ರೇಕ್‌ನಿಂದ ಎಕ್ಸಲೇಟರ್‌ಗೆ 20 ಸಲ ಆಡಿಸುವುದು. ಪ್ರತಿ ಸಲ ಮೂರು ಪ್ರಶ್ನೆ ಕೇಳಿಕೊಳ್ಳುವುದು. ಅಂಚು ಎಲ್ಲಾದರೂ ತಾಗಿತಾ? ಪೆಡಲ್‌ನ ಮಧ್ಯಕ್ಕೆ ಕಾಲು ಬಂದಿದೆಯಾ ಇಲ್ಲವಾ ಅಂತ ನೋಡದೆಯೇ ಗೊತ್ತಾಯಿತಾ? ಹಿಮ್ಮಡಿ ಸಲೀಸಾಗಿ ತಿರುಗಿತಾ? ಕೊನೆಗೊಮ್ಮೆ, ಎದುರಿಗೆ ಮಗು ಓಡಿ ಬಂದ ಹಾಗೆ ಅಂದುಕೊಂಡು ಬ್ರೇಕನ್ನು ಪೂರ್ತಿ ಜೋರಿನಲ್ಲಿ ತುಳಿಯುವುದು. ಇದನ್ನು ಮಾತ್ರ ಬಿಡಬೇಡಿ. ಮೆತ್ತಗೆ ಒತ್ತುವಾಗ ಎಲ್ಲ ಶೂಗಳೂ ಒಳ್ಳೆಯವೇ, ತುಳಿದಾಗಲೇ ಒಂದೊಂದರ ಬಣ್ಣ ಬಯಲಾಗುವುದು.

ಹಿಮ್ಮಡಿ ತಿರುಗುವುದು ಯಾಕೆ ಅಷ್ಟು ಮುಖ್ಯ ಅಂದರೆ, ಬಲಗಾಲಿನ ಕೆಲಸ ಅರ್ಧಕ್ಕರ್ಧ ನಡೆಯುವುದು ಅಲ್ಲೇ. ಹಿಮ್ಮಡಿ ಮ್ಯಾಟ್ ಮೇಲೆ ಊರಿಕೊಂಡಿರುತ್ತದೆ, ಬಾಗಿಲ ಕೀಲಿನ ಹಾಗೆ. ಬೆರಳುಗಳ ಬುಡದಲ್ಲಿ ಉಬ್ಬಿದ ಭಾಗ ಇದೆಯಲ್ಲ, ಒತ್ತುವುದು ಅದು. ಎಕ್ಸಲೇಟರ್‌ಗೆ ಒಂದಿಷ್ಟೇ ಒತ್ತು ಬೇಕು, ಒಂದೇ ಸಮ ಬೇಕು. ಅಲ್ಲಿಂದ ಬ್ರೇಕ್‌ಗೆ ಹೋಗುವಾಗ ಪಾದ ಗಡಿಯಾರದ ಮುಳ್ಳಿನಂತೆ ಎಡಕ್ಕೆ ವಾಲಬೇಕು. ಶೂನ ಹಿಮ್ಮಡಿಗೆ ಚೌಕಾಕಾರದ ಗಟ್ಟಿ ಅಂಚಿದ್ದರೆ ಅದು ಮ್ಯಾಟ್‌ಗೆ ಕಚ್ಚಿಕೊಳ್ಳುತ್ತದೆ, ಆಗ ಕಾಲನ್ನು ಎತ್ತಿ ಇಡಬೇಕಾಗುತ್ತದೆ. ಎತ್ತಿ ಇಟ್ಟಾಗ ಜಾಗ ತಪ್ಪುವ ಸಾಧ್ಯತೆ ಜಾಸ್ತಿ. ಕುಳ್ಳಗಿರುವವರು, ಚಿಕ್ಕ ಪಾದದವರು ಬ್ರೇಕ್‌ಗೆ ಕಾಲು ಎತ್ತಲೇಬೇಕಾಗಬಹುದು, ಅದು ತಪ್ಪಲ್ಲ. ಆದರೆ ಅವರಿಗೆ ಶೂ ಹಗುರ ಇರಬೇಕು, ಅಗಲ ಕಡಿಮೆ ಇರಬೇಕು, ನಮಗಿಂತ ಜಾಸ್ತಿಯೇ ಇದನ್ನೆಲ್ಲ ನೋಡಬೇಕು.

ಇದೆಲ್ಲ ಅರೆ ಸೆಕೆಂಡಿನ ಮಾತು, ಅಷ್ಟಕ್ಕೆ ಇಷ್ಟೊಂದಾ ಅನ್ನಿಸಬಹುದು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16 ಮೀಟರ್‌ಗೂ ಹೆಚ್ಚು. ಬ್ರೇಕ್ ಹುಡುಕುವುದರಲ್ಲಿ ಅರ್ಧ ಸೆಕೆಂಡ್ ಹೋದರೆ 8 ಮೀಟರ್ ಹೋಯಿತು, ಅಂದರೆ ಎರಡು ಸಣ್ಣ ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. 100ರಲ್ಲಿ ಹೋಗುತ್ತಿದ್ದರೆ ಅದೇ ಅರ್ಧ ಸೆಕೆಂಡಿಗೆ 14 ಮೀಟರ್ ಹತ್ತಿರ. ಲೆಕ್ಕ ನಾನೇ ಹಾಕಿದ್ದು, ನೀವೂ ಹಾಕಿ ನೋಡಿ.

ಸರಿ, ಡ್ರೈವಿಂಗ್ ಶೂಗೆ ಬರೋಣ. ನೋಡೋಕೆ ಲೇಸಿಲ್ಲದ ಮೆತ್ತಗಿನ ಚರ್ಮದ ಲೋಫರ್. ತಿರುಗಿಸಿದರೆ ಅಡಿಯಲ್ಲಿ ಪೂರ್ತಿ ಸೋಲ್ ಇಲ್ಲ, ರಬ್ಬರಿನ ಸಣ್ಣ ಸಣ್ಣ ಗುಂಡಿಗಳು ಚರ್ಮದಿಂದ ಹೊರಗೆ ಇಣುಕುತ್ತವೆ. ಅವೇ ಗುಂಡಿಗಳು ಹಿಮ್ಮಡಿಯ ಹಿಂಭಾಗಕ್ಕೂ ಹತ್ತಿರುತ್ತವೆ. ಮೊದಲ ಸಲ ನೋಡಿದಾಗ ಚಂದಕ್ಕೆ ಅಂದುಕೊಂಡಿದ್ದೆ, ಆಮೇಲೆ ಗೊತ್ತಾಯಿತು, ಕಾರಿನಲ್ಲಿ ನೆಲಕ್ಕೆ ಉಜ್ಜುವುದು ಹಿಮ್ಮಡಿಯ ತಳ ಅಲ್ಲ, ಹಿಂದಿನ ಬಾಗು. ನಿಮ್ಮ ಹಳೇ ಶೂಗಳಲ್ಲಿ ಬಲಗಾಲಿನದ್ದನ್ನು ತಿರುಗಿಸಿ ನೋಡಿ, ಹಿಂದಿನ ಬಾಗು ಸವೆದಿರುತ್ತದೆ, ಎಡಗಾಲಿನದ್ದು ಹೊಸದರಂತೆ ಇರುತ್ತದೆ. ಮ್ಯಾಟಿನಲ್ಲೂ ಅದೇ ಜಾಗಕ್ಕೆ ತೂತು ಬಿದ್ದಿರುತ್ತದೆ.

ಈ ಗುಂಡಿ ಶೂ ಹಳೇ ಸರಕೇ. 1963ರಲ್ಲಿ ಇಟಲಿಯ ಜಾನಿ ಮೊಸ್ತಿಲೆ ಎಂಬಾತ ಇದಕ್ಕೆ ಪೇಟೆಂಟ್ ಪಡೆದ, ತನ್ನ ಕಂಪನಿಗೆ ಕಾರ್ ಶೂ ಅಂತಲೇ ಹೆಸರಿಟ್ಟ. ಆಮೇಲೆ ಇಟಲಿಯದೇ ಟಾಡ್ಸ್ ಕಂಪನಿಯವರು ಗೊಮ್ಮಿನೋ ಅಂತ 133 ಗುಂಡಿಗಳ ಲೋಫರ್ ಮಾಡಿ ಅದನ್ನು ಶ್ರೀಮಂತರ ಗುರುತು ಮಾಡಿಬಿಟ್ಟರು. ಅಲ್ಲಿಂದಾಚೆಗೆ ಇದನ್ನು ಹಾಕುವವರಲ್ಲಿ ಎಷ್ಟು ಜನ ನಿಜಕ್ಕೂ ಕಾರು ಓಡಿಸುತ್ತಾರೋ ದೇವರೇ ಬಲ್ಲ. ನನ್ನದು ಆ ಮಟ್ಟದ್ದಲ್ಲ, ಅದೇ ಮಾದರಿಯ ಸಾಧಾರಣ ಜೋಡಿ.

ಹೊಸದರಲ್ಲಿ ಹಾಕಿದಾಗ ಖುಷಿಯಾಗಿ ಹೋಯಿತು. ಪೆಡಲ್ ಎಲ್ಲಿದೆ, ಎಷ್ಟು ಒಳಗೆ ಹೋಗಿದೆ, ಕ್ಲಚ್ ಹಿಡಿಯುವ ಜಾಗ ಎಲ್ಲಿ, ಎಲ್ಲ ಅಂಗಾಲಿಗೆ ನೇರ ಬರುತ್ತದೆ. ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್‌ನಲ್ಲಿ ತೆವಳುವಾಗ ಇದರ ಬೆಲೆ ತಿಳಿಯುತ್ತದೆ, ರನ್ನಿಂಗ್ ಶೂನಲ್ಲಿ ಆಗಾಗ ಕಾರು ಗಕ್ ಅಂತ ನಿಲ್ಲುತ್ತಿತ್ತು, ಇದರಲ್ಲಿ ಎಂಟು ತಿಂಗಳಲ್ಲಿ ನೆನಪಿರುವ ಹಾಗೆ ಎರಡೇ ಸಲ. ಹಿಮ್ಮಡಿ ತಿರುಗುವುದಂತೂ ಎಣ್ಣೆ ಹಾಕಿದ ಕೀಲು. ಕಣ್ಣು ಮುಚ್ಚಿದ ಪರೀಕ್ಷೆಯಲ್ಲಿ 20ಕ್ಕೆ 20. ಇಲ್ಲಿಗೆ ನಿಲ್ಲಿಸಿದ್ದರೆ ಇದನ್ನೇ ಕೊಳ್ಳಿ ಅಂತ ಬರೆದು ಮುಗಿಸುತ್ತಿದ್ದೆ.

ತಾಪತ್ರಯ ಶುರುವಾಗಿದ್ದು ಮಳೆಗಾಲದಲ್ಲಿ. ಒಣ ಪೆಡಲ್ ಮೇಲೆ ಹಿಡಿದು ನಿಲ್ಲುವ ಗುಂಡಿಗಳು ಒದ್ದೆ ಪೆಡಲ್ ಮೇಲೆ ಜಾರುತ್ತವೆ. ಲೆಕ್ಕ ಸುಲಭ. ಪೂರ್ತಿ ರಬ್ಬರ್ ಸೋಲ್ ಆದರೆ ಪೆಡಲ್‌ಗೆ ತಾಗುವ ಜಾಗ ಜಾಸ್ತಿ, ಇಲ್ಲಿ ನಾಲ್ಕಾರು ಗುಂಡಿ ತುದಿ ಮಾತ್ರ, ಮಧ್ಯದಲ್ಲಿ ಇರುವುದು ಬರೀ ಚರ್ಮ. ಆ ಚರ್ಮ ನೀರು ಕುಡಿದರೆ ಇನ್ನೂ ನಯ. ಒಂದು ಸಲ ಕ್ಲಚ್‌ನಿಂದ ಎಡಗಾಲು ಜಾರಿ ಕಾರು ಮುಂದಕ್ಕೆ ಹಾರಿದ ಮೇಲೆ ಮಳೆ ಬಂದರೆ ಈ ಶೂ ಬೇಡ ಅಂತ ತೀರ್ಮಾನ ಮಾಡಿದೆ. ಮಳೆಯಲ್ಲಿ ಬೇಡದ ಶೂ ಡ್ರೈವಿಂಗ್ ಶೂ ಹೇಗಾಗುತ್ತದೆ ಸ್ವಾಮಿ?

ಎರಡನೇ ತಾಪತ್ರಯ, ಚರ್ಮ ಹಿಗ್ಗುತ್ತದೆ. ಮೊದಲ ತಿಂಗಳು ಬಿಗಿಯಾಗಿ ಕೂತಿದ್ದು ನಾಲ್ಕನೇ ತಿಂಗಳಿಗೆ ಹಿಮ್ಮಡಿಯಲ್ಲಿ ಸಡಿಲ. ಲೇಸ್ ಇಲ್ಲ, ಬಿಗಿ ಮಾಡುವ ದಾರಿಯೇ ಇಲ್ಲ. ಹಿಮ್ಮಡಿ ಸಡಿಲ ಇರುವ ಶೂ ಚಪ್ಪಲಿಗೆ ಸಮ, ಕಾಲು ಎತ್ತಿದಾಗ ಶೂ ಅಲ್ಲೇ ಉಳಿಯುತ್ತದೆ. ಒಳಗೆ ಹಿಮ್ಮಡಿ ಪ್ಯಾಡ್ ಅಂಟಿಸಿ ಈಗ ಹೇಗೋ ನಡೆಸುತ್ತಿದ್ದೇನೆ. ಕೊಳ್ಳುವಾಗಲೇ ಒಂದಿಷ್ಟು ಬಿಗಿ ಇರುವುದನ್ನು ತಗೊಳ್ಳಬೇಕಿತ್ತು, ಅಂಗಡಿಯವನು ಹೇಳಿಯೂ ಹೇಳಿದ್ದ, ನಾನೇ ಶೂ ಕಚ್ಚುತ್ತದೆ ಅಂತ ಅರ್ಧ ನಂಬರ್ ದೊಡ್ಡದು ತಂದೆ. ಇದು ನನ್ನ ತಪ್ಪು.

ಮೂರನೆಯದು, ಇದರಲ್ಲಿ ನಡೆಯೋಕೆ ಆಗುವುದಿಲ್ಲ. ಜಲ್ಲಿಕಲ್ಲಿನ ಮೇಲೆ ಕಾಲಿಟ್ಟರೆ ಒಂದೊಂದು ಕಲ್ಲೂ ಪರಿಚಯ ಹೇಳಿಕೊಳ್ಳುತ್ತದೆ. ಟಾರು ರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೆದರೆ ಗುಂಡಿಗಳು ಕಣ್ಣಿಗೆ ಕಾಣುವ ಹಾಗೆ ಸವೆಯುತ್ತವೆ. ಟೈರ್ ಪಂಕ್ಚರ್ ಆಗಿ ರಸ್ತೆ ಬದಿ ಜಾಕ್ ಹಾಕಬೇಕಾಗಿ ಬಂದ ದಿನ ಇದು ಕಾಲಲ್ಲಿತ್ತು, ವೀಲ್ ಸ್ಪಾನರ್ ಮೇಲೆ ಕಾಲಿಟ್ಟು ತುಳಿದಾಗ ಅಂಗಾಲಿಗೆ ಅದರ ಅಚ್ಚು ಬಿತ್ತು. ಆದ್ದರಿಂದ ಬರೀ ಕಾರಿನೊಳಗೆ ಹಾಕಿ, ಇಳಿಯುವಾಗ ಬದಲಿಸುವವರಿಗೆ ಮಾತ್ರ ಇದು ಸರಿ. ಅಷ್ಟು ಶಿಸ್ತು ನಿಮಗಿದೆಯಾ ಅಂತ ನೀವೇ ಕೇಳಿಕೊಳ್ಳಿ. ನನಗೆ ಮೂರು ವಾರ ಇತ್ತು.

ರೇಸಿಂಗ್ ಶೂ ತಗೊಂಡರೆ ಹೇಗೆ ಅಂತಲೂ ಯೋಚನೆ ಬಂತು. ಗೋ ಕಾರ್ಟಿಂಗ್ ಹುಚ್ಚಿನ ಗೆಳೆಯನೊಬ್ಬ ತನ್ನದನ್ನು ಒಂದು ದಿನಕ್ಕೆ ಕೊಟ್ಟ. ಗಿಣ್ಣಿನ ಮೇಲಕ್ಕೆ ಬರುತ್ತದೆ, ಸೋಲ್ ತೆಳ್ಳಗೆ, ಪಾದಕ್ಕೆ ಸಾಕ್ಸ್ ಥರ ಅಪ್ಪಿಕೊಳ್ಳುತ್ತದೆ, ಅಗಲ ಅಂತೂ ಪಾದದಷ್ಟೇ. ಪೆಡಲ್ ಮೇಲೆ ಇದನ್ನು ಮೀರಿಸುವುದು ಯಾವುದೂ ಇಲ್ಲ, ಒಪ್ಪುತ್ತೇನೆ. ಆದರೆ ಕಾರು ರೇಸಿನವರು ಹಾಕುವ ಶೂಗಳು ಮುಖ್ಯವಾಗಿ ಬೆಂಕಿಗೆ ಹೆದರಿ ಮಾಡಿದವು. ಕಾರು ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎಯ 8856-2018 ಅನ್ನುವ ಮಾನದಂಡ ಅದಕ್ಕೇ ಇರುವುದು, ನೋಮೆಕ್ಸ್ ಥರದ ಬೆಂಕಿ ತಡೆಯುವ ಬಟ್ಟೆ ಹಾಕುವುದೂ ಅದಕ್ಕೇ. ತರಕಾರಿ ತರಲು ಹೋಗುವ ನಮಗೆ ಆ ಕವಚ ಯಾಕೆ? ಅದರಲ್ಲಿ ಗೇಟಿನ ತನಕ ನಡೆದು ಬಂದೆ, ಪಾದ ಅಳು ಶುರು ಮಾಡಿತು.

ಈಗ ಗೆದ್ದ ಜೋಡಿ. ಹೇಳಿದರೆ ಇಷ್ಟೇನಾ ಅಂತೀರಿ. ಶಾಲೆ ಮಕ್ಕಳು ಹಾಕುತ್ತಾರಲ್ಲ, ಆ ಥರದ ಸಾದಾ ಕ್ಯಾನ್ವಾಸ್ ಶೂ. ಚಪ್ಪಟೆ ರಬ್ಬರ್ ಸೋಲ್, ಮುಂದಿನಿಂದ ಹಿಂದಿನ ತನಕ ಒಂದೇ ದಪ್ಪ, ಸುಮಾರು ಒಂದು ಸೆಂಟಿಮೀಟರ್. ಅಂಚು ಪಾದಕ್ಕಿಂತ ಹೊರಗೆ ಚಾಚಿಲ್ಲ. ಹಿಮ್ಮಡಿಗೆ ಬೇರೆ ಎತ್ತರ ಇಲ್ಲ. ಲೇಸ್ ಕಟ್ಟಿದರೆ ಬಿಗಿಯಾಗಿ ಕೂರುತ್ತದೆ, ಹಿಗ್ಗಿದರೆ ಇನ್ನೊಂದು ಸುತ್ತು ಎಳೆದು ಕಟ್ಟಿದರಾಯಿತು. ಒದ್ದೆ ಪೆಡಲ್ ಮೇಲೆ ಗುಂಡಿ ಶೂಗಿಂತ ಎಷ್ಟೋ ವಾಸಿ. ಇಳಿದು ನಡೆಯಬಹುದು, ಟೈರ್ ಬದಲಿಸಬಹುದು. ಪೆಡಲ್‌ನ ಸುದ್ದಿ ಪಾದಕ್ಕೆ ತಲುಪುವುದರಲ್ಲಿ ಡ್ರೈವಿಂಗ್ ಶೂಗಿಂತ ಒಂದು ಮಟ್ಟ ಕೆಳಗೆ, ಅಷ್ಟೇ. ಪರೀಕ್ಷೆಯಲ್ಲಿ 20ಕ್ಕೆ 19, ಆ ಒಂದು ಸಲ ಹಿಮ್ಮಡಿಯ ರಬ್ಬರ್ ಮ್ಯಾಟ್‌ಗೆ ಸ್ವಲ್ಪ ಕಚ್ಚಿತ್ತು. ರಬ್ಬರ್ ಹಿಡಿತ ಜಾಸ್ತಿ ಇರುವ ಕಡೆ ತಿರುಗುವುದು ಕಡಿಮೆ, ಎರಡೂ ಒಟ್ಟಿಗೆ ಪೂರ್ತಿ ಸಿಗುವುದಿಲ್ಲ.

ಇದಕ್ಕೂ ಒಂದು ಕಾಟ ಇದೆ, ಲೇಸ್. ಉದ್ದ ಲೇಸಿನ ಕುಣಿಕೆ ಕ್ಲಚ್ ಪೆಡಲ್‌ಗೆ ಸಿಕ್ಕಿಹಾಕಿಕೊಳ್ಳುತ್ತದೆ, ನನಗೇ ಆಗಿದೆ. ಗಂಟು ಹಾಕಿ ಉಳಿದದ್ದನ್ನು ಪಕ್ಕದಿಂದ ಒಳಗೆ ತುರುಕಿಬಿಡಿ, ಇಲ್ಲವೇ ಎಲಾಸ್ಟಿಕ್ ಲೇಸ್ ಹಾಕಿ. ವೆಲ್ಕ್ರೋ ಪಟ್ಟಿ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಮಕ್ಕಳ ಶೂ ಥರ ಕಾಣುತ್ತದೆ ಅಂತ ನಾಚಿಕೆ ಪಡಬೇಡಿ, ಸ್ಟೀರಿಂಗ್ ಕೆಳಗೆ ಯಾರು ಬಗ್ಗಿ ನೋಡುತ್ತಾರೆ.

ಆಫೀಸಿನ ಚರ್ಮದ ಶೂ ಬಗ್ಗೆ ಎರಡು ಮಾತು. ಅಡಿಯಲ್ಲೂ ಚರ್ಮವೇ ಇರುವುದಾದರೆ ಮಳೆಯಲ್ಲಿ ಬೇಡವೇ ಬೇಡ. ಅಡಿಗೆ ರಬ್ಬರ್ ಇದ್ದರೆ ನಡೆಯುತ್ತದೆ, ಆದರೆ ಮೂತಿ ಉದ್ದ ಚೂಪಾಗಿರುವ ಶೂ ಬೇಡ. ಬೆರಳು ಮುಗಿದ ಮೇಲೂ ಎರಡು ಬೆರಳು ಖಾಲಿ ಮೂತಿ ಮುಂದೆ ಇರುತ್ತದೆ, ಎಕ್ಸಲೇಟರ್‌ನಿಂದ ಬ್ರೇಕ್‌ಗೆ ಹೋಗುವಾಗ ಆ ಮೂತಿ ಬ್ರೇಕ್ ಪೆಡಲ್‌ನ ಪಕ್ಕಕ್ಕೋ ಅಡಿಗೋ ತಗಲುತ್ತದೆ. ನನ್ನದರಲ್ಲಿ 20ರಲ್ಲಿ ನಾಲ್ಕು ಸಲ ಹೀಗಾಯಿತು. ಟ್ರೆಕ್ಕಿಂಗ್ ಬೂಟು ಇನ್ನೂ ಕೆಟ್ಟದು, ಅಗಲವೂ ಹೌದು, ಭಾರವೂ ಹೌದು, ಮೇಲಾಗಿ ಗಿಣ್ಣು ಬಗ್ಗುವುದೇ ಇಲ್ಲ, ಪಾದ ಬಗ್ಗಿಸಬೇಕಾದ ಕಡೆ ಇಡೀ ಕಾಲು ಎತ್ತಬೇಕು.

ಹವಾಯಿ ಚಪ್ಪಲಿ ಬಗ್ಗೆ ಬೈಯುವ ಮುಂಚೆ ಒಪ್ಪಿಕೊಳ್ಳುತ್ತೇನೆ, ವರ್ಷಗಟ್ಟಲೆ ನಾನೂ ಅದರಲ್ಲೇ ಓಡಿಸಿದ್ದೇನೆ. ಮೆತ್ತಗೆ ಹೋಗುವಾಗ ಏನೂ ಆಗುವುದಿಲ್ಲ, ಅದೇ ಅದರ ಮೋಸ. ಪರೀಕ್ಷೆಯಲ್ಲಿ ಬ್ರೇಕ್ ಜೋರಾಗಿ ತುಳಿದಾಗ ಮೂರನೇ ಸಲಕ್ಕೇ ಚಪ್ಪಲಿಯ ಮುಂದಿನ ತುದಿ ಪೆಡಲ್ ಕೆಳಗೆ ಮಡಚಿಕೊಂಡು ಹೋಯಿತು. ಪೆಡಲ್ ಇಳಿಯಬೇಕಾದ ಜಾಗದಲ್ಲಿ ರಬ್ಬರ್ ಕೂತಿದ್ದರೆ ಬ್ರೇಕ್ ಪೂರ್ತಿ ಹೋಗುವುದೆಲ್ಲಿ? ಜೊತೆಗೆ ಚಪ್ಪಲಿ ಕಾಲಲ್ಲೇ ಉಳಿಯಲಿ ಅಂತ ಬೆರಳುಗಳು ಬಾರನ್ನು ಹಿಡಿದುಕೊಂಡಿರುತ್ತವೆ, ನಿಮಗೆ ಗೊತ್ತಿಲ್ಲದೆಯೇ. ಒಂದು ಗಂಟೆ ಓಡಿಸಿದ ಮೇಲೆ ಮೀನಖಂಡ ಯಾಕೆ ಬಿಗಿಯುತ್ತದೆ ಅಂತ ನನಗೆ ಈಗ ಗೊತ್ತಾಯಿತು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೆ ಪರವಾಗಿಲ್ಲ, ಪಟ್ಟಿ ಹಾಕಿಕೊಂಡರೆ ಮಾತ್ರ.

ಬರಿಗಾಲು? ಇದರ ಅಭಿಮಾನಿಗಳು ಬಹಳ ಜನ, ಪೆಡಲ್ ಚೆನ್ನಾಗಿ ಗೊತ್ತಾಗುತ್ತದೆ ಅಂತಾರೆ. ಗೊತ್ತಾಗುತ್ತದೆ, ಸುಳ್ಳಲ್ಲ. ತುಳಿದು ನೋಡಿ ಆಮೇಲೆ ಹೇಳಿ. ಸೋಲ್ ಇದ್ದಾಗ ಒತ್ತಡ ಇಡೀ ಪಾದಕ್ಕೆ ಹಂಚಿಹೋಗುತ್ತದೆ, ಬರಿಗಾಲಲ್ಲಿ ಪೆಡಲ್‌ನ ಅಂಚು ಒಂದೇ ಜಾಗಕ್ಕೆ ಚುಚ್ಚುತ್ತದೆ, ಪಾದ ತಾನಾಗೇ ಹಿಂದೆ ಸರಿಯುತ್ತದೆ. ಅದರ ಮೇಲೆ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ, ಇರುವ ಕಾರಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಪೆಡಲ್ ಕಾಲ ಕೆಳಗೆ ಗಡಗಡ ನಡುಗುತ್ತದೆ, ಆಗ ಬಿಡದೆ ಒತ್ತಿ ಹಿಡಿಯಬೇಕು. ನೋವಾಗಿ ಬಿಟ್ಟರೆ ಕತೆ ಮುಗಿಯಿತು. ಬೆವರಿದ ಪಾದ ಜಾರುವುದು ಬೇರೆ, ಏನಾದರೂ ಆಗಿ ಇಳಿಯಬೇಕಾದರೆ ರಸ್ತೆಯಲ್ಲಿ ಗಾಜಿನ ಚೂರು ಇರುವುದು ಬೇರೆ. ಬರೀ ಸಾಕ್ಸ್ ಹಾಕಿ ಓಡಿಸುವುದು ಬರಿಗಾಲಿಗಿಂತಲೂ ಕಡೆ, ಅದು ನಯ ಪೆಡಲ್ ಮೇಲೆ ಐಸ್ ಇದ್ದ ಹಾಗೆ.

ಹೈಹೀಲ್ಸ್ ಪರೀಕ್ಷೆ ನನ್ನ ಕೈಲಿ, ಅಲ್ಲಲ್ಲ, ಕಾಲಲ್ಲಿ ಆಗುವಂಥದ್ದಲ್ಲ. ಹೆಂಡತಿಯನ್ನು ಕೇಳಿದೆ. ಅವಳು ನಗುವುದು ನಿಲ್ಲಿಸಿ ಹೇಳಿದಳು, "ರೀ, ನಾನು ಹತ್ತು ವರ್ಷದಿಂದ ಡಿಕ್ಕಿಯಲ್ಲಿ ಒಂದು ಚಪ್ಪಟೆ ಶೂ ಇಟ್ಟಿರೋದು ಯಾಕೆ ಅಂದುಕೊಂಡಿದ್ದೀರಿ? ನಿಮಗೆ ಇದು ತಿಳಿಯೋಕೆ ಕಂಬ ಬೇಕಾಯ್ತು." ಹೀಲ್ಸ್‌ನಲ್ಲಿ ಪಾದ ಆಗಲೇ ಕೆಳಕ್ಕೆ ಬಾಗಿರುತ್ತದಂತೆ, ಇನ್ನೂ ಒತ್ತಲು ಗಿಣ್ಣಿಗೆ ಜಾಗ ಉಳಿದಿರುವುದಿಲ್ಲ, ಎಲ್ಲ ತೊಡೆಯಿಂದಲೇ ತಳ್ಳಬೇಕು. ಕೂರುವುದು ಚೂಪು ತುದಿಯ ಮೇಲೆ, ಮ್ಯಾಟ್‌ನಲ್ಲಿ ತೂತಿದ್ದರೆ ಅದರೊಳಕ್ಕೇ ಹೋಗಿ ಸಿಕ್ಕಿಕೊಳ್ಳುತ್ತದೆ. ದಪ್ಪ ಪ್ಲಾಟ್‌ಫಾರ್ಮ್ ಹೀಲ್ಸ್ ಮ್ಯಾಟ್‌ಗೆ ಸಿಕ್ಕುವುದಿಲ್ಲ, ಆದರೆ ಪೆಡಲ್ ಇದೆಯೋ ಇಲ್ಲವೋ ಅಂತಲೇ ತಿಳಿಯುವುದಿಲ್ಲ ಅಂದಳು. ನನ್ನ ರನ್ನಿಂಗ್ ಶೂನದ್ದೇ ಕಾಯಿಲೆ.

ಇಂಥ ಶೂ ಹಾಕಬಾರದು ಅಂತ ಕಾನೂನು ಇದೆಯಾ ಅಂತ ಕೇಳುವವರಿದ್ದಾರೆ. ಒಂದೊಂದು ದೇಶದಲ್ಲಿ ಒಂದೊಂದು ಥರ. ಬ್ರಿಟನ್ನಿನ ಹೈವೇ ಕೋಡ್‌ನ 97ನೇ ನಿಯಮ ನನಗೆ ಹಿಡಿಸಿತು. ಅದು ಯಾವ ಶೂನ ಹೆಸರನ್ನೂ ಎತ್ತುವುದಿಲ್ಲ, ಕಾಲಿಗೆ ಹಾಕಿದ್ದು, ಮೈಗೆ ಹಾಕಿದ್ದು ಕಾರಿನ ಕಂಟ್ರೋಲ್‌ಗಳನ್ನು ಸರಿಯಾಗಿ ಬಳಸಲು ಅಡ್ಡಿ ಆಗಬಾರದು, ಅಷ್ಟೇ ಅನ್ನುತ್ತದೆ. ಮೈಗೆ ಹಾಕಿದ್ದು ಅನ್ನುವುದನ್ನೂ ಗಮನಿಸಿ, ನೆಲಕ್ಕೆ ತಾಗುವ ಅಗಲ ಪ್ಯಾಂಟಿನ ಅಂಚು ಹಿಮ್ಮಡಿ ಕೆಳಗೆ ಸಿಕ್ಕಿ ಕಾಲು ಎಳೆದಿದ್ದು ನನಗೂ ಗೊತ್ತು.

ಬೈಕಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಅಲ್ಲಿ ತೆಳ್ಳಗಿನ ಶೂ ಬೇಡ, ಗಿಣ್ಣು ಮುಚ್ಚುವ ಗಟ್ಟಿ ಬೂಟೇ ಬೇಕು, ಯುರೋಪಿನಲ್ಲಿ ಅದಕ್ಕೆ ಇಎನ್ 13634 ಅಂತ ಬೇರೆಯೇ ಮಾನದಂಡ ಇದೆ. ಅದನ್ನು ಹಾಕಿಕೊಂಡು ಬಂದು ಕಾರು ಹತ್ತಬೇಡಿ, ಅಷ್ಟೇ.

ಈಗ ಅಂಗಡಿಯಲ್ಲಿ ಏನು ನೋಡಬೇಕು. ನಾನು ಈಗ ಜೇಬಲ್ಲಿ ಒಂದು ಪೆನ್ನು ಇಟ್ಟುಕೊಂಡು ಹೋಗುತ್ತೇನೆ. ಶೂ ಹಾಕಿ, ಕುರ್ಚಿಯಲ್ಲಿ ಕೂತು, ನೆಲದ ಮೇಲೆ ಪೆನ್ನು ಇಟ್ಟು ಪಾದದ ಮುಂಭಾಗದಿಂದ ಹಿಂದೆ ಮುಂದೆ ಉರುಳಿಸುತ್ತೇನೆ. ಪೆನ್ನು ಎಲ್ಲಿದೆ ಅಂತ ಪಾದಕ್ಕೆ ತಿಳಿದರೆ ಸೋಲ್ ಸರಿ, ತಿಳಿಯದಿದ್ದರೆ ವಾಪಸ್. ನೋಯುವಷ್ಟು ತಿಳಿದರೂ ವಾಪಸ್, ತೀರಾ ತೆಳು ಅಂತ ಅರ್ಥ. ಆಮೇಲೆ ಹಿಮ್ಮಡಿ ಊರಿ ಪಾದವನ್ನು ಎಡಕ್ಕೂ ಬಲಕ್ಕೂ ವಾಲಿಸುವುದು, ಎಲ್ಲೂ ಕಚ್ಚಬಾರದು. ಅಂಗಡಿಯವರು ಒಂದು ಥರ ನೋಡುತ್ತಾರೆ, ನೋಡಲಿ. ಸಂಜೆ ಹೊತ್ತು ಹೋದರೆ ಒಳ್ಳೆಯದು, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಆಗ ಕೂತ ಶೂ ದೂರ ಪ್ರಯಾಣದಲ್ಲೂ ಕೂರುತ್ತದೆ. ಮನೆಗೆ ತಂದ ಮೇಲೆ ಬೀದಿಗೆ ಹಾಕಿಕೊಂಡು ಹೋಗುವ ಮುಂಚೆ ನಿಂತ ಕಾರಿನಲ್ಲಿ ಆ 20 ಸಲದ ಆಟ ಆಡಿಬಿಡಿ. ಶೂ ಕೊಳೆಯಾಗದಿದ್ದರೆ ಬದಲಾಯಿಸಿ ಕೊಡುತ್ತಾರೆ, ನಾನು ಒಂದು ಜೋಡಿ ಹಾಗೇ ಬದಲಿಸಿದೆ.

ಸಕ್ಕರೆ ಕಾಯಿಲೆಯಿಂದಲೋ ಇನ್ನೇನರಿಂದಲೋ ಅಂಗಾಲು ಜೋಮು ಹಿಡಿದಂತೆ ಇರುವವರಿಗೆ ಈ ಪೆನ್ನಿನ ಪರೀಕ್ಷೆ ಸಾಲದು. ಪಾದಕ್ಕೇ ತಿಳಿಯದಿದ್ದರೆ ಯಾವ ಸೋಲ್ ಹಾಕಿ ಏನು ಮಾಡುವುದು? ಅವರು ಶೂ ಅಂಗಡಿಗಿಂತ ಮೊದಲು ಡಾಕ್ಟರ ಹತ್ತಿರ ಹೋಗುವುದು ಲೇಸು.

ಶೂ ಬದಲಿಸಿದಾಗ ನಾನು ಮರೆಯುತ್ತಿದ್ದ ಒಂದು ವಿಷಯ, ಸೀಟು. ಮೂರು ಸೆಂಟಿಮೀಟರ್ ಸೋಲ್‌ನಿಂದ ಒಂದು ಸೆಂಟಿಮೀಟರ್ ಸೋಲ್‌ಗೆ ಬಂದರೆ ನಿಮ್ಮ ಕಾಲು ಅಷ್ಟು ಗಿಡ್ಡ ಆದ ಹಾಗೆ ಲೆಕ್ಕ. ಮೊದಲ ವಾರ ಕ್ಲಚ್ ಪೂರ್ತಿ ಹೋಗದೆ ಗೇರ್ ಕರಕರ ಅಂದಾಗ ಶೂಗೇ ಬೈದೆ, ಆಮೇಲೆ ಸೀಟನ್ನು ಒಂದು ಹಲ್ಲು ಮುಂದಕ್ಕೆ ಎಳೆದರೆ ಎಲ್ಲ ಸರಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಒಂದಿಷ್ಟು ಮಡಚಿರಬೇಕು. ಆಟೊಮ್ಯಾಟಿಕ್ ಕಾರಿನವರು ಬ್ರೇಕ್ ಪೂರ್ತಿ ಒತ್ತಿ ಇದನ್ನು ನೋಡಿಕೊಳ್ಳಬಹುದು. ಇನ್ನು ಪೆಡಲ್ ಮೇಲಿನ ರಬ್ಬರ್ ಸವೆದು ಗೀರುಗಳೇ ಇಲ್ಲದ ಹಾಗೆ ಆಗಿದ್ದರೆ ಯಾವ ಶೂ ಹಾಕಿದರೂ ಜಾರುತ್ತದೆ, ಮೊದಲು ಅದನ್ನು ಬದಲಿಸಿ. ಮಳೆಯಲ್ಲಿ ಹತ್ತಿದಾಗ ಸೋಲನ್ನು ಮ್ಯಾಟ್‌ಗೆ ನಾಲ್ಕು ಸಲ ಉಜ್ಜಿ ಆಮೇಲೆ ಹೊರಡಿ.

ಬದಲಿ ಶೂ ಎಲ್ಲಿಡುವುದು ಅನ್ನುವುದು ಸಣ್ಣ ಮಾತಲ್ಲ. ಡ್ರೈವರ್ ಸೀಟಿನ ಕೆಳಗೆ ಮಾತ್ರ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಅದು ಜಾರಿ ಮುಂದೆ ಬರುವುದು ನೇರ ಪೆಡಲ್ ಕೆಳಕ್ಕೆ. ಡಿಕ್ಕಿಯಲ್ಲೋ ಹಿಂದಿನ ಸೀಟಿನ ಬುಡದಲ್ಲಿ ಚೀಲದಲ್ಲೋ ಇರಲಿ. ಆದರೆ ಬಿಸಿಲಲ್ಲಿ ನಿಲ್ಲುವ ಕಾರಿನ ಡಿಕ್ಕಿಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಅಂಟು ಬಿಡುತ್ತದೆ, ಸೋಲ್ ಪಾಲಿಯುರೆಥೇನ್ ಅನ್ನುವ ಮೆತ್ತಗಿನ ಪ್ಲಾಸ್ಟಿಕ್‌ನದಾಗಿದ್ದರೆ ಹಾಕದಿದ್ದರೂ ತೇವಕ್ಕೆ, ಸೆಕೆಗೆ ಒಳಗೊಳಗೇ ಹಾಳಾಗಿ ಒಂದು ದಿನ ರಸ್ಕಿನ ಹಾಗೆ ಪುಡಿಪುಡಿ ಆಗುತ್ತದೆ. ಮಾವನ ಹಳೇ ಶೂ ಹೀಗೇ ಆಯಿತು, ಹಾಕಿಕೊಂಡು ಹತ್ತು ಹೆಜ್ಜೆ ನಡೆದರು, ಸೋಲ್ ಹಿಂದೆ ಉಳಿಯಿತು.

ಈಗ ನನ್ನ ಪದ್ಧತಿ ಹೀಗಿದೆ. ಕ್ಯಾನ್ವಾಸ್ ಜೋಡಿ ಕಾರಿನಲ್ಲಿ ಕಾಯಂ. ರನ್ನಿಂಗ್ ಶೂ ನಡೆಯುವುದಕ್ಕೆ ಮಾತ್ರ. ಡ್ರೈವಿಂಗ್ ಶೂಗೆ ಐದಕ್ಕೆ ಮೂರು ಕೊಡುತ್ತೇನೆ, ಕೊಡುವುದು ಒಣ ದಿನದ ದೂರ ಪ್ರಯಾಣಕ್ಕೆ, ಆಗ ಅದರ ಸುಖ ಬೇರೆ ಯಾವುದರಲ್ಲೂ ಇಲ್ಲ. ಇದನ್ನು ಬರೆಯುವ ಮುಂಚೆ ತಿರುಗಿಸಿ ಗುಂಡಿಗಳನ್ನು ಎಣಿಸಿದೆ. ಬಲಗಾಲಿನ ಹಿಮ್ಮಡಿಯಲ್ಲಿ ಏಳು ಗುಂಡಿ ಪೂರ್ತಿ ಸವೆದು ಚರ್ಮ ಕಾಣುತ್ತಿದೆ, ಎಡಗಾಲಿನದ್ದು ಒಂದೂ ಹೋಗಿಲ್ಲ. ಬಲಗಾಲಿನದ್ದು ಒಂದನ್ನೇ ಮಾರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಅರ್ಧ ನಂಬರ್ ಚಿಕ್ಕದು.